ಎರಡೂ ಕಾಲು ಸಮ ಕತ್ತರಿಸಿದ್ದೆ

ಆಗಸ್ಟ್ 3, ಸೋಮವಾರ. ಬೆಳಿಗ್ಗೆ 7

ಹದಿನೆಂಟು ಟ್ರ್ಯಾಕ್ ಪ್ಯಾಂಟಿನಲ್ಲಿ ಹನ್ನೊಂದು ಕತ್ತರಿಸಿ ಆಯಿತು. ಕಡುನೀಲಿ, ಪಕ್ಕದಲ್ಲಿ ಹಳದಿ ಪಟ್ಟಿ. ಪಟ್ಟಿ ನನ್ನ ಐಡಿಯಾ. ಪಿ.ಟಿ. ಮೇಡಂ ಮೊದಲು ಮೂಗು ಮುರಿದರು. ಹಳದಿ ರಿಬ್ಬನ್ ತೆಗೆದು ನೀಲಿ ಬಟ್ಟೆಯ ಮೇಲೆ ಹಿಡಿದು ತೋರಿಸಿದೆ — ಒಪ್ಪಿಬಿಟ್ಟರು!

ಇಪ್ಪತ್ತೆರಡಕ್ಕೆ ಸ್ಪೋರ್ಟ್ಸ್ ಮೀಟ್. ಹತ್ತು ಶಾಲೆಗಳು. ನಮ್ಮ ಅಣ್ಣನ ಮಗಳು ಗುಂಡು ಎಸೆತಕ್ಕೆ ಆಯ್ಕೆಯಾಗಿದ್ದಾಳೆ. ಹುಟ್ಟಿದಾಗ ದುಂಡಗಿದ್ದಳೆಂದು ‘ಗುಂಡು’ ಅಂತ ಕರೆದವಳು ನಾನು. ಹನ್ನೆರಡು ವರ್ಷವಾದ ಮೇಲೆ ಆ ಹೆಸರು ಹೀಗೆ ಸಾರ್ಥಕವಾಗುತ್ತದೆಂದು ಯಾರಿಗೆ ಗೊತ್ತಿತ್ತು? ಈಗ ಗುಂಡು ಗುಂಡು ಎಸೆಯುತ್ತಾಳೆ. ಮೂರು ಕೆಜಿ. ನಾನು ಎತ್ತಿ ನೋಡಿದೆ, ಭುಜ ಕಳಚಿ ಬಂದಂತಾಯಿತು.

ಅಂಗಡಿ ಬಾಗಿಲು ತೆಗೆಯಬೇಕು. ಮಹಡಿ ಮೇಲೆ ಅತ್ತಿಗೆ ಕೂಗುತ್ತಿದ್ದಾಳೆ, ಗುಂಡು ಇನ್ನೂ ಸಾಕ್ಸ್ ಹಾಕಿಕೊಂಡಿಲ್ಲವಂತೆ. ಈಚೆಗೆ ಸಾಕ್ಸ್ ಹಾಕಿಕೊಳ್ಳುವುದಕ್ಕೇ ಆ ಹುಡುಗಿಗೆ ಕಾಲು ಗಂಟೆ ಬೇಕು. ಸೋಮಾರಿ.

ಆಗಸ್ಟ್ 5, ಬುಧವಾರ

ಗುಂಡುವಿಗೆ ಮತ್ತೆ ಮಂಡಿ ನೋವು. ಬಲಗಾಲು. ಅಣ್ಣ ಬೀದಿ ಕೊನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಮಂಡಿಗೆ ಎಕ್ಸ್‌ರೇ ತೆಗೆಸಿದರು. ನಾರ್ಮಲ್. “ಬೆಳೆಯೋ ಮಕ್ಕಳಿಗೆ ಇದೆಲ್ಲ ಇದ್ದದ್ದೇ” ಅಂದರಂತೆ. ಒಂದು ಮುಲಾಮು, ಮಂಡಿಗೆ ತೊಡುವ ಒಂದು ನೀ ಕ್ಯಾಪ್.

ನೀ ಕ್ಯಾಪ್ ಬಿಗಿ ಅಂತ ನನ್ನ ಹತ್ತಿರ ತಂದಳು. ಪಕ್ಕ ಬಿಚ್ಚಿ ಅರ್ಧ ಇಂಚು ಸಡಿಲಿಸಿಕೊಟ್ಟೆ. ಜೂನ್‌ನಿಂದಲೂ ಹೀಗೇ — ನಾಲ್ಕು ದಿನ ನೋವು, ಎರಡು ದಿನ ಇಲ್ಲ. ಸಂಜೆ ಹೊತ್ತಿಗೆ ಕುಂಟುತ್ತಾಳೆ, ಬೆಳಿಗ್ಗೆ “ಏನೂ ಇಲ್ಲ ಅತ್ತೆ” ಅನ್ನುತ್ತಾಳೆ.

ಪ್ಯಾಂಟು ಹದಿನಾರಾಯಿತು. ಕೈ ಓಡುತ್ತಿದೆ!

ಆಗಸ್ಟ್ 8, ಶನಿವಾರ. ಮಧ್ಯಾಹ್ನ 12

ತಲೆ ಕೆಟ್ಟಿದೆ.

ಗುಂಡುವಿಗೆ ಟ್ರಯಲ್ ಹಾಕಿಸಿದೆ. ಕನ್ನಡಿ ಮುಂದೆ ನಿಂತಳು, ರಾಣಿಯ ಹಾಗೆ. ನೋಡುತ್ತೇನೆ — ಬಲಗಡೆ ಅಂಚು ನೆಲ ಗುಡಿಸುತ್ತಿದೆ. ಎಡಗಡೆ ಸರಿಯಾಗಿ ಹಿಮ್ಮಡಿಗೆ ಕೂತಿದೆ.

ಇಪ್ಪತ್ತೆರಡು ವರ್ಷದಿಂದ ಕತ್ತರಿ ಹಿಡಿದಿದ್ದೇನೆ. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ — ಇಂಥ ತಪ್ಪು ಕಲಿಯುವಾಗಲೂ ಮಾಡಿರಲಿಲ್ಲ. ನಾಚಿಕೆಯಾಯಿತು. ಬಿಚ್ಚಿಸಿ, ಮೇಜಿನ ಮೇಲೆ ಹಾಸಿ, ಎರಡೂ ಕಾಲು ಒಂದರ ಮೇಲೊಂದು ಇಟ್ಟು ಟೇಪು ಹಿಡಿದೆ.

ಸಮ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮತ್ತೆ ಹಾಕಿಸಿದೆ. ಮತ್ತೆ ಬಲಗಡೆ ನೆಲಕ್ಕೆ.

ಬಟ್ಟೆ ಸರಿ ಇದೆ. ಹಾಗಾದರೆ ತಪ್ಪಿರುವುದು —

ಅದೇ ದಿನ. 3 ಗಂಟೆ

ಊಟ ಸೇರಲಿಲ್ಲ. ಅಳತೆ ಪುಸ್ತಕ ತೆಗೆದು ನೋಡಿದೆ. ಜನವರಿಯಲ್ಲಿ ಯೂನಿಫಾರಂ ಹೊಲಿದಾಗ ಎರಡೂ ಕಾಲು ಬೇರೆ ಬೇರೆ ಅಳೆದಿದ್ದೆ. ಅಭ್ಯಾಸ. ಆಗ ಎರಡೂ ಒಂದೇ.

ಗುಂಡುವನ್ನು ಮತ್ತೆ ಕೂಗಿದೆ.

“ಸುಮ್ನೆ ನಿಂತ್ಕೋ. ನೇರವಾಗಿ.”

“ನೇರವಾಗೇ ನಿಂತಿದ್ದೀನಿ.”

ಇಲ್ಲ. ಎಡಪಾದ ಮುಂದಕ್ಕೆ. ಬಲಪಾದ ಪಕ್ಕದ ಅಂಗಡಿ ಕಡೆಗೆ. ಇಷ್ಟು ದಿನ ಕಣ್ಣೆದುರಿಗೇ ಇತ್ತು, ಕಾಣಲಿಲ್ಲ ನನಗೆ!

“ಪಾದ ಒಳಗಡೆ ತಿರುಗಿಸು ನೋಡೋಣ.”

ತಿರುಗಲಿಲ್ಲ. ಹಲ್ಲು ಕಚ್ಚಿದಳು. ಮಂಡಿಯ ಸುತ್ತ ಬೆರಳಿನಿಂದ ಒತ್ತಿ ಒತ್ತಿ ಕೇಳಿದೆ — ಇಲ್ಲಿ? ಇಲ್ಲಿ? ಎಲ್ಲೂ ನೋವಿಲ್ಲ! ಮಂಡಿ ನೋವು ಅನ್ನುವವಳ ಮಂಡಿಯಲ್ಲಿ ನೋವೇ ಇಲ್ಲ. ಸ್ಟೂಲಿನ ಮೇಲೆ ಕೂರಿಸಿ ಕಾಲ ಮೇಲೆ ಕಾಲು ಹಾಕು ಅಂದೆ. ಆಗಲಿಲ್ಲ. ಮಲಗಿಸಿ ಮಂಡಿ ಮಡಚು ಅಂದರೆ ತೊಡೆ ನೇರ ಮೇಲೆ ಬರುವುದಿಲ್ಲ, ತನ್ನಷ್ಟಕ್ಕೆ ಹೊರಗೆ ವಾಲುತ್ತದೆ. ನಾನು ಮುಟ್ಟಲೂ ಇಲ್ಲ.

ಆಗ ಹೊಳೆಯಿತು. ಪ್ಯಾಂಟಿನ ಬಟ್ಟೆ ಮಂಡಿಯ ಹತ್ತಿರ ಸುಕ್ಕು ಬಿದ್ದರೆ ಹೊಸಬರು ಮಂಡಿ ಬಿಚ್ಚುತ್ತಾರೆ. ತಪ್ಪು ಅಲ್ಲಿರುವುದಿಲ್ಲ. ಮೇಲೆ ಇರುತ್ತದೆ, ತೊಡೆಸಂದಿನ ಹೊಲಿಗೆಯಲ್ಲಿ. ಎಳೆತ ಕೆಳಗೆ ಕಾಣುತ್ತದೆ ಅಷ್ಟೆ.

“ಗುಂಡು, ತೊಡೆಸಂದಿಯಲ್ಲಿ ನೋಯುತ್ತಾ?”

ಎದ್ದು ಕೂತಳು. ಆಮೇಲೆ, “ಒಂದೊಂದ್ಸಲ. ಒಳಗಡೆ ಎಲ್ಲೋ. ಆಳದಲ್ಲಿ.”

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಮೀಟ್‌ಗೆ ಕಳಿಸ್ತಾರಾ? ಅತ್ತೆ, ಪ್ಲೀಸ್. ಇಪ್ಪತ್ತೆರಡು ಮುಗೀಲಿ. ಎರಡೇ ವಾರ. ಆಮೇಲೆ ನೀನೇ ಹೇಳು, ಯಾರಿಗೆ ಬೇಕಾದ್ರೂ. ಮಾತು ಕೊಡು.”

ಕಣ್ಣಲ್ಲಿ ನೀರು ತುಂಬಿತ್ತು. ನನ್ನದೂ ಅದೇ ಹಾಳು ಕರುಳು. ಕೊಟ್ಟೆ.

ಆಗಸ್ಟ್ 9, ಭಾನುವಾರ. ಸಂಜೆ

ಮೈದಾನಕ್ಕೆ ಹೋಗಿದ್ದೆ, ಗುಂಡುವಿನ ಪ್ರಾಕ್ಟೀಸ್ ನೋಡಲು. ಎಂಥ ಎಸೆತ! ಕುತ್ತಿಗೆಗೆ ಒತ್ತಿಕೊಂಡು, ಗಿರ್ರನೆ ತಿರುಗಿ, ‘ಹಾ’ ಅಂತ ಒಂದು ಸದ್ದು — ಎಂಟು ಮೀಟರ್ ಇಪ್ಪತ್ತು. ಕಳೆದ ವರ್ಷ ಗೆದ್ದವಳಿಗಿಂತ ಹೆಚ್ಚು! ಪಿ.ಟಿ. ಮೇಡಂ ವಿಸಿಲ್ ಊದಿ ಊದಿ ಕುಣಿದರು. ನಾನೂ ಕೂಗಿದೆ, ಗಂಟಲು ಕಟ್ಟಿಹೋಗಿದೆ.

ಎಸೆದ ಮೇಲೆ ಗುಂಡು ಬೇಲಿ ಹಿಡಿದು ನಿಂತಳು. ಎಲ್ಲರೂ ಟೇಪು ನೋಡುತ್ತಿದ್ದರು. ನಾನು ಅವಳನ್ನು ನೋಡುತ್ತಿದ್ದೆ. ಬಲಗಾಲು ಊರಲೇ ಇಲ್ಲ.

ವಾಪಸ್ ಬರುವಾಗ ಬಸ್ಸು. ಮೆಟ್ಟಿಲು ಹತ್ತಬೇಕು. ಅವಳು ನಿಂತಳು. ಹಿಂದೆ ಮುಂದೆ ನೋಡಿದಳು. ಆಮೇಲೆ ಎರಡೂ ಕೈಯಿಂದ ತನ್ನದೇ ತೊಡೆ ಹಿಡಿದು, ಯಾರದೋ ಸಾಮಾನು ಎತ್ತಿದ ಹಾಗೆ ಎತ್ತಿ, ಕಾಲನ್ನು ಮೆಟ್ಟಿಲ ಮೇಲೆ ಇಟ್ಟಳು.

ಹನ್ನೆರಡು ವರ್ಷದ ಮಗು.

ಮಾತು ಕೊಟ್ಟಿದ್ದೇನೆ. ನಿಜ. ಆದರೆ…

ಆಗಸ್ಟ್ 10, ಸೋಮವಾರ. ರಾತ್ರಿ 8

ಹೇಳಿಬಿಟ್ಟೆ.

ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ನೇರ ಅಣ್ಣನ ವರ್ಕ್‌ಶಾಪ್. ಲೇತ್ ಸದ್ದಿನಲ್ಲಿ ಕೂಗಿ ಕೂಗಿ ಹೇಳಬೇಕಾಯಿತು, ಅರ್ಧ ವರ್ಕ್‌ಶಾಪ್ ಕೇಳಿಸಿಕೊಂಡಿತು.

“ಗುಂಡುಗೆ ಮಂಡಿ ಅಲ್ಲ ಅಣ್ಣ. ಸೊಂಟದ ಕೀಲು.”

“ಯಾವ ಡಾಕ್ಟರ್ ಹೇಳಿದ್ರು?”

“ನಾನು.”

ಮಿಷನ್ ಆಫ್ ಮಾಡಿದ. “ನೀನು ಹೊಲಿಯೋಳು ಹೊಲಿ. ಡಾಕ್ಟರ್ ಆಗೋಕೆ ಹೋಗ್ಬೇಡ. ಸೊಂಟದ ಕೀಲು ಮುದುಕರಿಗೆ ಹೋಗುತ್ತೆ, ಮಕ್ಕಳಿಗಲ್ಲ. ಎಕ್ಸ್‌ರೇ ನಾರ್ಮಲ್ ಇದೆಯಲ್ಲೇ.”

“ಮಂಡಿ ಎಕ್ಸ್‌ರೇ ನಾರ್ಮಲ್. ಮೇಲಿಂದ ತೆಗೆಸಿದ್ದೀಯಾ? ಕಾಲು ಒಂದು ಬೆರಳಗಲ ಗಿಡ್ಡ ಆಗಿದೆ ಅಣ್ಣ. ಪಾದ ಹೊರಗೆ ತಿರುಗಿದೆ. ತೊಡೆ ಕೈಯಲ್ಲಿ ಎತ್ತಿ ಬಸ್ ಹತ್ತುತ್ತಾಳೆ. ನಿನ್ನ ಲೇತ್ ಹೀಗೆ ಸದ್ದು ಮಾಡಿದ್ರೆ ಹಾಗೇ ಓಡಿಸ್ತಿದ್ದೆಯಾ?”

ಕೊನೆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಒರೆಸುವ ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದ, ಒರೆಸುತ್ತಲೇ ಇದ್ದ.

ಸಂಜೆ ಮನೆಯಲ್ಲಿ ಪಂಚಾಯಿತಿ. ಅಣ್ಣ ಇನ್ನೂ ಅನುಮಾನಿಸುತ್ತಿದ್ದ. ಅತ್ತಿಗೆಯೇ ಮುಗಿಸಿದಳು: “ತೋರಿಸಿದ್ರೆ ಹೋಗೋದೇನು? ಇಲ್ಲ ಅಂದ್ರೆ ಅತ್ತೆ-ಸೊಸೆ ಇಬ್ಬರನ್ನೂ ಬಯ್ಯೋಣ. ಹೌದು ಅಂದ್ರೆ?”

ನಾಳೆ ಬೆಳಿಗ್ಗೆಯೇ ದೊಡ್ಡಾಸ್ಪತ್ರೆಗೆ ಅಂತಾಯಿತು.

ಗುಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ. ನನ್ನನ್ನು ನೋಡಿದ ನೋಟ ಇದೆಯಲ್ಲ — ಬೇಡ, ಬರೆಯಲಾರೆ.

ಆಗಸ್ಟ್ 11, ಮಂಗಳವಾರ. ಆಸ್ಪತ್ರೆ, ಮಧ್ಯಾಹ್ನ 2

ಹೌದು! ಹೌದು! ನಾನು ಹೇಳಿದ್ದೇ ಹೌದು!

ಹೀಗೆ ಸಂತೋಷಪಡಬಾರದು. ಗೊತ್ತು. ಆದರೂ ಅಕ್ಷರ ನೋಡಿದರೆ ಕೋಳಿ ಕೆದರಿದ ಹಾಗಿದೆ. ಕ್ರಮವಾಗಿ ಬರೆಯುತ್ತೇನೆ.

ಮೂಳೆ ಡಾಕ್ಟರು ಹೆಂಗಸು, ಚಿಕ್ಕ ವಯಸ್ಸು, ಕಾಲಿಗೆ ಸ್ಪೋರ್ಟ್ಸ್ ಶೂ. ಮಂಡಿ ಎಕ್ಸ್‌ರೇಯ ಕವರನ್ನು ಬಿಚ್ಚಲೂ ಇಲ್ಲ. ಗುಂಡುವಿಗೆ ಆರು ಹೆಜ್ಜೆ ನಡೆ ಅಂದರು. ಮೂರಕ್ಕೇ “ಸಾಕು ಪುಟ್ಟ, ನಿಲ್ಲು” ಅಂದರು. ಮಲಗಿಸಿ ಮಂಡಿ ಮೆಲ್ಲಗೆ ಮಡಚಿದರು. ತೊಡೆ ಹೊರಗೆ ವಾಲಿತು, ಶನಿವಾರ ನನ್ನ ಅಂಗಡಿಯಲ್ಲಿ ವಾಲಿದ ಹಾಗೇ! ಡಾಕ್ಟರ ಮುಖ ಬದಲಾಯಿತು.

“ವೀಲ್‌ಚೇರ್ ತನ್ನಿ. ಈಗಲೇ.”

“ಎಕ್ಸ್‌ರೇ ರೂಮು ಪಕ್ಕದಲ್ಲೇ ಇದೆಯಲ್ಲ, ನಡ್ಕೊಂಡು…” ಅಣ್ಣ ಅಂದ.

“ಒಂದು ಹೆಜ್ಜೆನೂ ಬೇಡ.”

ಎರಡೂ ಕಡೆಯ ಸೊಂಟದ ಕೀಲಿಗೆ ಎಕ್ಸ್‌ರೇ. ಒಂದು ನೇರ ಮಲಗಿಸಿ, ಒಂದು ಕಪ್ಪೆಯ ಹಾಗೆ ಕಾಲು ಅಗಲಿಸಿ. ಫಿಲ್ಮ್ ಬೆಳಕಿಗೆ ಹಿಡಿದು ತೋರಿಸಿದರು. ತೊಡೆಮೂಳೆಯ ಮೇಲೆ ಗುಂಡಗಿನ ತಲೆ ಇರುತ್ತದೆ, ಅದು ಸೊಂಟದ ಬಟ್ಟಲಲ್ಲಿ ತಿರುಗುತ್ತದೆ. ಮಕ್ಕಳಲ್ಲಿ ತಲೆಗೂ ಕಂಬಕ್ಕೂ ನಡುವೆ ಮೂಳೆ ಬೆಳೆಯುವ ಜಾಗ ಇನ್ನೂ ಮೆತ್ತಗೆ. ಅಲ್ಲೇ ಜಾರಿದೆ. ಎಡಗಡೆ ಟೋಪಿ ನೆಟ್ಟಗೆ ಕೂತ ಹಾಗಿದೆ. ಬಲಗಡೆ ಟೋಪಿ ಓರೆಯಾಗಿದೆ. ನನಗೂ ಕಾಣಿಸಿತು!

“ಹನ್ನೊಂದು, ಹನ್ನೆರಡು, ಹದಿಮೂರರ ಮಕ್ಕಳಲ್ಲಿ ಆಗುತ್ತೆ. ಮೈ ಸ್ವಲ್ಪ ತುಂಬಿದ್ರೆ ಇನ್ನೂ ಹೆಚ್ಚು,” ಅಂದರು ಡಾಕ್ಟರು. “ನೋವು ಮಂಡೀಲೋ ತೊಡೇಲೋ ಕಾಣಿಸುತ್ತೆ, ಅದಕ್ಕೇ ಎಷ್ಟೋ ಜನಕ್ಕೆ ತಿಳಿಯೋದೇ ಇಲ್ಲ. ಸ್ಕ್ರೂ ಹಾಕಿ ಇದ್ದ ಜಾಗದಲ್ಲೇ ನಿಲ್ಲಿಸ್ತೀವಿ. ನಾಳೆ ಬೆಳಿಗ್ಗೆ.”

“ಇಪ್ಪತ್ತೆರಡಕ್ಕೆ ಮೀಟ್ ಇದೆ, ಗುಂಡು ಎಸೆತ,” ಗುಂಡು ಮೊದಲ ಸಲ ಬಾಯಿ ಬಿಟ್ಟಳು.

ಡಾಕ್ಟರು ಅವಳ ಎದುರು ಕುಕ್ಕರುಗಾಲಲ್ಲಿ ಕೂತರು. “ಇನ್ನೊಂದು ಸಲ ಜೋರಾಗಿ ತಿರುಗಿದ್ದಿದ್ರೆ, ಇಲ್ಲಾ ಮೆಟ್ಟಿಲಲ್ಲಿ ಎಡವಿದ್ದಿದ್ರೆ, ಪೂರ್ತಿ ಕಳಚಿಕೊಳ್ಳೋದು. ಆ ಮೂಳೆಗೆ ರಕ್ತ ನಿಂತುಹೋಗೋ ಭಯ ಇರೋದು. ಆಮೇಲೆ ಗುಂಡು ಎಸೆಯೋದಿರಲಿ, ನೆಟ್ಟಗೆ ನಡೆಯೋದೇ ಕಷ್ಟ. ಈಗ ಬಂದಿದ್ದೀಯ, ಬಚಾವ್.”

ಆಮೇಲೆ ನಮ್ಮ ಕಡೆ ತಿರುಗಿ, “ಯಾರು ಗಮನಿಸಿದ್ದು?”

ಅಣ್ಣ ನನ್ನ ಕಡೆ ಬೆರಳು ತೋರಿಸಿದ. “ನನ್ನ ತಂಗಿ. ಟೈಲರ್.”

“ಟೈಲರ್?”

“ಎರಡೂ ಕಾಲು ಸಮ ಕತ್ತರಿಸಿದ್ದೆ ಡಾಕ್ಟರೇ,” ಅಂದೆ. ಬೇರೆ ಏನೂ ಹೊಳೆಯಲಿಲ್ಲ.

ಡಾಕ್ಟರು ಜೋರಾಗಿ ನಕ್ಕರು. ನರ್ಸ್ ನಕ್ಕಳು. ಅಣ್ಣ ನನ್ನ ಭುಜ ಹಿಡಿದು ಅದುಮಿದ, ಇನ್ನೂ ನೋಯುತ್ತಿದೆ. ನಾನು ಒಂದು ಗೇಣು ಎತ್ತರವಾದೆ.

ಗುಂಡುವಿನ ಕಡೆ ನೋಡಿದೆ. ಗೋಡೆಗೆ ಮುಖ ತಿರುಗಿಸಿಕೊಂಡಿದ್ದಳು.

“ನಿನ್ನ ಹತ್ರ ಹೇಳಿದ್ದೇ ತಪ್ಪು,” ಅಂದಳು.

ಆಗಸ್ಟ್ 12, ಬುಧವಾರ. ಬೆಳಿಗ್ಗೆ 11:40

ಮುಗಿಯಿತು! ಒಂದೇ ಸ್ಕ್ರೂ. ಗಾಯ ನಾನು ಹೊಲಿಯುವ ಶರ್ಟಿನ ಗುಂಡಿ ಕಾಜಾದಷ್ಟು ಅಂತೆ. ಅತ್ತಿಗೆ ಅತ್ತು, ನಕ್ಕು, ಮತ್ತೆ ಅತ್ತಳು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಗುಂಡು ಕಣ್ಣು ಬಿಟ್ಟು ಅಮ್ಮ ಅಂದಳು, ಅಪ್ಪ ಅಂದಳು. ನಾನು ಕಾಲ ಬುಡದಲ್ಲೇ ನಿಂತಿದ್ದೆ.

ಆಗಸ್ಟ್ 15, ಶನಿವಾರ

ಮನೆಗೆ ಬಂದರು. ಕಂಕುಳ ಕೋಲು ಎರಡು. ಬಲಗಾಲು ಊರುವ ಹಾಗಿಲ್ಲ, ಆರು ವಾರ; ಆಮೇಲೂ ಕೆಲವು ವಾರ ಕೋಲು ಬೇಕಂತೆ. ಹೊರಡುವಾಗ ಡಾಕ್ಟರು ಎಲ್ಲರನ್ನೂ ನಿಲ್ಲಿಸಿ ಹೇಳಿದ್ದು: ಒಂದು ಕಡೆ ಜಾರಿದವರಿಗೆ ಇನ್ನೊಂದು ಕಡೆಯೂ ಜಾರಬಹುದು. ಒಂದು ವರ್ಷ, ಒಂದೂವರೆ ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ತೊಡೆಸಂದು, ತೊಡೆ, ಮಂಡಿ — ಎಲ್ಲಿ ಸಣ್ಣಗೆ ನೊಂದರೂ, ಕುಂಟಿದರೂ ಅವತ್ತೇ ಬರಬೇಕು. ನಾಳೆ ಅನ್ನಬಾರದು.

ಗುಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ.

ಪಕ್ಕದಲ್ಲಿ ಪೂರ್ತಿ ತೆರೆದು ಪ್ರೆಸ್ ಬಟನ್ ಹಾಕುವಂಥ ಸ್ಕರ್ಟ್ ಹೊಲಿದೆ, ಕಾಲು ಮಡಚದೆ ಹಾಕಿಕೊಳ್ಳಬಹುದು. ಹೊಸ ಡಿಸೈನ್, ನನ್ನದೇ ತಲೆ! ಅತ್ತಿಗೆಯ ಕೈಯಲ್ಲಿ ಕಳಿಸಿದೆ.

ಹಾಕಿಕೊಂಡಳಂತೆ. ಏನೂ ಹೇಳಲಿಲ್ಲವಂತೆ.

ಆಗಸ್ಟ್ 22, ಶನಿವಾರ

ಮೀಟ್ ಇವತ್ತು. ಹೋಗಲಿಲ್ಲ. ಹದಿನೇಳು ಹಳದಿ ಪಟ್ಟಿ ಬೀದಿಯಲ್ಲಿ ಸಾಲಾಗಿ ಹೋದವು. ಎಲ್ಲ ಅಂಚೂ ಸರಿ ಇತ್ತು.

ಗುಂಡು ಎಸೆತದಲ್ಲಿ ಬೇರೆ ಯಾರೋ ಹುಡುಗಿ ಗೆದ್ದದ್ದು ಏಳು ಮೀಟರ್ ಎಂಬತ್ತಕ್ಕೆ ಅಂತೆ. ಮೇಲೆ ಬಾಗಿಲು ದಡಾರನೆ ಹಾಕಿಕೊಂಡ ಸದ್ದು ಕೇಳಿಸಿತು.

ಸೆಪ್ಟೆಂಬರ್ 20, ಭಾನುವಾರ

ಗುಂಡು ಇನ್ನೂ ಅಂಗಡಿಗೆ ಕಾಲಿಟ್ಟಿಲ್ಲ. ಮೊದಲು ಶಾಲೆಯಿಂದ ಬಂದವಳು ಬ್ಯಾಗ್ ಎಸೆಯುತ್ತಿದ್ದದ್ದೇ ನನ್ನ ಕಟಿಂಗ್ ಮೇಜಿನ ಮೇಲೆ. ಈಗ ನಾನು ಮೇಲೆ ಹೋದರೆ ಪುಸ್ತಕ ತೆಗೆದುಕೊಳ್ಳುತ್ತಾಳೆ. ಮಾತಾಡಿಸಿದರೆ “ಹೂಂ.” ಹಟದಲ್ಲಿ ನಮ್ಮ ವಂಶದ್ದೇ ಕುಡಿ.

ಅಣ್ಣ ಸಮಾಧಾನ ಹೇಳಿದ. “ಬಿಡೇ, ಹುಡುಗು ಬುದ್ಧಿ. ಕಾಲು ಉಳಿಸಿದ್ದೀಯ ನೀನು.”

ಉಳಿಸಿದ್ದೇನೆ. ಹೌದು. ಮಾತು ಉಳಿಸಿಕೊಳ್ಳಲಿಲ್ಲ. ಅದೂ ಹೌದು. ಮತ್ತೆ ಅಂಥದ್ದೇ ಬಂದರೆ ಮತ್ತೆ ಹೇಳುತ್ತೇನೆ — ಆದರೆ ಅವಳ ಬೆನ್ನ ಹಿಂದೆ ಅಲ್ಲ. ಮೊದಲು ಅವಳಿಗೇ ಹೇಳಿ, ಆಮೇಲೆ. ಅಷ್ಟು ಧೈರ್ಯ ಅವತ್ತು ನನಗಿರಲಿಲ್ಲ.

ಅಕ್ಟೋಬರ್ 13, ಮಂಗಳವಾರ

ಪಿ.ಟಿ. ಮೇಡಂ ಬಂದಿದ್ದರು, ಓಡಿ ಬಂದವರ ಹಾಗೆ ಏದುಸಿರು. ಆರನೇ ಕ್ಲಾಸಿನ ಹುಡುಗನೊಬ್ಬನಿಗೆ ಮಂಡಿ ನೋವು. “ಗುಂಡು ಕಾಲಿನ ವಿಷಯ ನೀವು ಹೇಳಿದ್ರಲ್ಲ, ಆ ಮಾತು ನೆನಪಾಯ್ತು. ಮಲಗಿಸಿ ಮಂಡಿ ಮಡಚಿದೆ. ಹೊರಗೆ ವಾಲಿತು ಕಣ್ರೀ! ಅವತ್ತೇ ಆಸ್ಪತ್ರೆಗೆ ಕಳಿಸಿದೆ. ಅದೇ!”

ಇಬ್ಬರೂ ಕೈ ಕೈ ಹಿಡಿದು ಕುಣಿಯುವುದೊಂದು ಬಾಕಿ. ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು ನೋಡಿದರು. ಎರಡು ಹುಚ್ಚಿಯರು ಅಂದುಕೊಂಡಿರಬೇಕು.

ಈಗ ಬೀದಿಯಲ್ಲಿ ಯಾರು ನಡೆದರೂ ನನ್ನ ಕಣ್ಣು ಮುಖಕ್ಕೆ ಹೋಗುವುದಿಲ್ಲ, ಪಾದಕ್ಕೆ ಹೋಗುತ್ತದೆ.

ನವೆಂಬರ್ 21, ಶನಿವಾರ

ಕೋಲಿಲ್ಲದೆ ನಡೆದಳು! ಮೂರು ದಿನವಾಯಿತಂತೆ, ನಾನು ಇವತ್ತು ಅಂಗಡಿಯಿಂದ ನೋಡಿದೆ. ಎದುರು ಬದಿಯಲ್ಲಿ, ಅತ್ತಿಗೆಯ ಪಕ್ಕ. ಬಲಪಾದ ಇನ್ನೂ ತುಸು ಹೊರಗೆ, ಅದು ಹಾಗೇ ಇರುತ್ತದಂತೆ, ಇರಲಿ. ಹೆಜ್ಜೆ ಗಟ್ಟಿ. ಹೊಲಿಯುತ್ತಿದ್ದ ಕಾಲರ್ ಕೈಬಿಟ್ಟು ಬಾಗಿಲಿಗೆ ಓಡಿದೆ.

ನನ್ನ ಕಡೆ ನೋಡಿದಳು. ನಗಲಿಲ್ಲ. ಆದರೆ ನೋಡಿದಳು!

ಜನವರಿ 12, ಮಂಗಳವಾರ. ಬೆಳಿಗ್ಗೆ 7:15

ಬೇಗ ಬೇಗ ಬರೆಯಬೇಕು, ಗಾಡಿ ತರಲು ಅಣ್ಣ ಹೋಗಿದ್ದಾನೆ.

ಆರು ಮುಕ್ಕಾಲಿಗೆ ಶಟರ್ ಎತ್ತುತ್ತಿದ್ದೆ. ಹಿಂದಿನಿಂದ “ಅತ್ತೆ.”

ಐದು ತಿಂಗಳಾದ ಮೇಲೆ ಆ ಒಂದು ಮಾತು. ಶಟರ್ ಕೈಯಿಂದ ಜಾರಿತು. ತಿರುಗಿದೆ. ಯೂನಿಫಾರಂ, ಒಂದು ಕಾಲಿಗೆ ಶೂ, ಇನ್ನೊಂದು ಶೂ ಕೈಯಲ್ಲಿ. ಗೋಡೆ ಹಿಡಿದುಕೊಂಡು ಒಂಟಿಕಾಲಲ್ಲಿ ನಿಂತಿದ್ದಳು.

“ಎಡಗಡೆ,” ಅಂದಳು.

“ಏನಾಯ್ತು?”

“ಶೂ ಹಾಕ್ಕೊಳ್ಳುವಾಗ ಚುಳುಕ್ ಅಂತು. ಮಂಡೀಲಿ ಅಲ್ಲ. ಇಲ್ಲಿ.” ತೊಡೆಸಂದಿಗೆ ಕೈಯಿಟ್ಟು ತೋರಿಸಿದಳು. “ಸ್ವಲ್ಪಾನೇ. ಪಾದ ಒಳಗೆ ತಿರುಗಿಸಿ ನೋಡಿದೆ, ಹಿಡಿದುಕೊಂಡಿತು. ಮೆಟ್ಟಿಲು ಕೂತ್ಕೊಂಡೇ ಇಳಿದೆ. ಕಾಲು ಊರಿಲ್ಲ.”

ಸ್ಟೂಲು ಎಳೆದು ಕೂರಿಸಿದೆ.

“ಅಮ್ಮನಿಗೆ ಹೇಳಿದ್ಯಾ?”

“ಇಲ್ಲ. ಮೊದಲು ನಿನಗೇ.”

ಅವಳ ಎದುರು ಕೂತೆ. ಈ ಸಲ ಮೊದಲು ಅವಳಿಗೇ ಹೇಳಬೇಕಿತ್ತು, ಹೇಳಿದೆ. “ನೋಡು ಗುಂಡು, ನಾನು ಈಗ ಮೇಲೆ ಹೋಗಿ ಹೇಳ್ತೀನಿ. ಮುಚ್ಚಿಡು ಅಂದ್ರೆ ನನ್ನ ಕೈಲಿ ಆಗಲ್ಲ. ಅವತ್ತೂ ಆಗಲಿಲ್ಲ. ನಿನಗೆ ಮುಖಕ್ಕೆ ಮುಖ ಕೊಟ್ಟು ಹೇಳದೆ ಹೋದೆ ನೋಡು, ಅದು ನನ್ನ ತಪ್ಪು.”

ಗುಂಡು ಕೈಯಲ್ಲಿದ್ದ ಶೂ ಕೆಳಗಿಟ್ಟಳು.

“ಎಲ್ಲರಿಗೂ ಹೇಳು,” ಅಂದಳು. “ಜೋರಾಗಿ ಹೇಳು. ಅಪ್ಪ ಇನ್ನೂ ಎದ್ದಿಲ್ಲ.”

ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ ಕೂಗಿಗೆ ಬೀದಿಯೇ ಎದ್ದಿತು.

ಅದೇ ದಿನ. ಸಂಜೆ 4, ಆಸ್ಪತ್ರೆ

ಅದೇ ಡಾಕ್ಟರು. ಎಕ್ಸ್‌ರೇ ಎರಡು ಸಲ ನೋಡಿದರು. ಮೂರನೆಯ ಸಲ ಕನ್ನಡಕ ತೆಗೆದು ನೋಡಿದರು.

“ಯಾವಾಗಿಂದ ನೋವು?”

“ಆರೂವರೆಯಿಂದ,” ಗುಂಡು ಅಂದಳು.

“ಯಾವ ದಿನ?”

“ಇವತ್ತೇ. ಬೆಳಿಗ್ಗೆ ಆರೂವರೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಜನ ಆರು ತಿಂಗಳು ಕಳೆದ ಮೇಲೆ ಬರುತ್ತಾರಂತೆ. ಗಂಟೆ ಲೆಕ್ಕದಲ್ಲಿ ಬಂದವರನ್ನು ಇದೇ ಮೊದಲು ನೋಡಿದ್ದಂತೆ. ಇನ್ನೂ ಜಾರಿಲ್ಲ ಅಂದರೂ ನಡೆಯುತ್ತದೆ, ಈಗಷ್ಟೇ ಸಡಿಲ. ನಾಳೆ ಬೆಳಿಗ್ಗೆ ಒಂದು ಸ್ಕ್ರೂ, ಈ ಪಾದ ನೆಟ್ಟಗೇ ಉಳಿಯುತ್ತದೆ. ಮೂಳೆ ಕೂಡಿಕೊಂಡಿತೆಂದರೆ ಎರಡೂ ಕಾಲೂರಿ ಏನು ಬೇಕಾದರೂ ಎಸೆಯಬಹುದು, “ಡಾಕ್ಟರನ್ನೊಂದು ಬಿಟ್ಟು.”

ಗುಂಡು ನಕ್ಕಳು! ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ.

ಅಣ್ಣ ಫಾರಂ ತುಂಬಿಸುತ್ತಿದ್ದಾನೆ. ಅತ್ತಿಗೆ ಬಟ್ಟೆ ತರಲು ಮನೆಗೆ ಹೋಗಿದ್ದಾಳೆ. ನಾನು ಕಾರಿಡಾರ್ ಬೆಂಚಿನ ಮೇಲೆ. ವಾರ್ಡಿಗೆ ಕರೆದುಕೊಂಡು ಹೋಗಲು ವೀಲ್‌ಚೇರ್ ಬಂತು, ತಳ್ಳುವವನೂ ಬಂದ. ಗುಂಡು ಅವನ ಕೈ ತಡೆದು ಏನೋ ಹೇಳುತ್ತಿದ್ದಾಳೆ, ನನ್ನ ಕಡೆ ಬೆರಳು ತೋರಿಸುತ್ತಿದ್ದಾಳೆ —

“ಅತ್ತೇ! ಡೈರಿ ಆಮೇಲೆ ಬರೀ! ನೀನೇ ತಳ್ಳಬೇಕು!”

ಬಂ